ಮಗುವಿಗೆ ನೀರು ಹಾಕಿದ ಭಾನುವಾರ

ಆನೀ, ಮೊನ್ನೆ ನಿನ್ನ ಹಲ್ಲು ಕೀಳಿಸಲು ಜಯನಗರಕ್ಕೆ ಹೋಗಿದ್ದೆವಲ್ಲ, ಅಲ್ಲಿ ಒಳಗೆ ಕಾಲಿಡುತ್ತಿದ್ದ ಹಾಗೆ ಒಬ್ಬ ಹುಡುಗಿ ನಮ್ಮ ಕೈಗೆ ಸ್ಯಾನಿಟೈಸರ್ ಹಾಕಿದಳು. ಕೈ ಉಜ್ಜಿಕೊಂಡೆ. ಆಮೇಲೆ ಯಾಕೋ ಕೈಯನ್ನು ಮೂಗಿನ ಹತ್ತಿರ ತಂದೆ. ಅಷ್ಟಕ್ಕೇ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ನೀನು ನನ್ನ ಭುಜ ತಟ್ಟಿ, "ಅಜ್ಜೀ, ಹಲ್ಲು ಕೀಳೋದು ನಂದು. ನೀನ್ಯಾಕೆ ಹೆದರ್ಕೊಂಡೆ?" ಅಂದೆ. ನಿನ್ನ ತಮ್ಮ ಜೋಯೆಲ್ ನಕ್ಕ. ನಾನೂ ನಕ್ಕೆ.

ಹೆದರಿಕೆಯಲ್ಲ ಅದು. ಆ ವಾಸನೆಯಲ್ಲಿ ನಾನು ಒಂದು ಇಡೀ ಆಗಮನ ಕಾಲ ಕಳೆದಿದ್ದೇನೆ.

ನಿಮಗಿಬ್ಬರಿಗೂ ಒಬ್ಬ ಅಣ್ಣನಿದ್ದ ಎಂಬುದು ಗೊತ್ತು. ನವೆಂಬರಿನಲ್ಲಿ ಸತ್ತವರ ಹಬ್ಬದ ದಿನ ಅವನ ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚಿ ಬರುತ್ತೀರಿ. ಅದಕ್ಕಿಂತ ಹೆಚ್ಚಿನದನ್ನು ಯಾರೂ ನಿಮಗೆ ಹೇಳಿಲ್ಲ. ನಿಮ್ಮ ಅಮ್ಮ ಸೆಲೀನಾ ಹೇಳುವವಳಲ್ಲ. ನನಗೋ ಬಾಯಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಜನರ ಎದುರು ನನ್ನ ದನಿ ಏಳುವುದಿಲ್ಲವೆಂದು ನೀವೇ ಹಾಸ್ಯ ಮಾಡುತ್ತೀರಿ. ಬರೆಯುವುದಾದರೆ ಆದೀತು ಅನ್ನಿಸಿತು. ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆನೀ, ಅದು ನೀನು ಹುಟ್ಟುವುದಕ್ಕೂ ಹಿಂದಿನ ವರ್ಷ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ನಿಮ್ಮ ತಾತ ತೀರಿಕೊಂಡಿದ್ದರು. ಕನಕಪುರದ ಕಡೆಯ ನಮ್ಮ ಊರಿನ ಮನೆಗೆ ಬೀಗ ಹಾಕಿಸಿ ಸೆಲೀನಾ ನನ್ನನ್ನು ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಕರೆತಂದಳು. ಅವಳು ಆಗ ಬಸುರಿ. ದಿನ ತುಂಬುವುದು ಫೆಬ್ರವರಿಗೆ. "ಅಪ್ಪ ಹೋದ್ರು, ಮಗು ಬರ್ತಿದೆ. ನೀನು ಇಲ್ಲೇ ಇರಮ್ಮ," ಅಂದಳು. ಊರಿನಲ್ಲಿ ಚರ್ಚಿಗೆ ಹೋದರೆ ಎಲ್ಲರೂ ಗುರುತಿನವರು. ಇಲ್ಲಿ ಕನ್ನಡ ಪೂಜೆಗೆ ಹೋದರೂ ಕೊನೆಯ ಬೆಂಚಿನ ತುದಿಯಲ್ಲಿ ಕೂತು, ಮುಗಿದ ಕೂಡಲೇ ಯಾರಿಗೂ ಸಿಗದೆ ಬಂದುಬಿಡುತ್ತಿದ್ದೆ.

ಆಗಮನ ಕಾಲ ಮಳೆಯಲ್ಲೇ ಶುರುವಾಯಿತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ವಾರಕ್ಕೊಂದು ಬತ್ತಿ ಹೆಚ್ಚಿಗೆ ಹಚ್ಚುತ್ತಾ ಕಾಯುವ ಕಾಲ ಅದು. ಸಮುದ್ರದಲ್ಲೆಲ್ಲೋ ಚಂಡಮಾರುತವಂತೆ, ಇಲ್ಲಿ ದಿನವಿಡೀ ಜಿನುಗು. ಒಗೆದ ಬಟ್ಟೆ ಒಣಗದೆ ಮನೆಯೆಲ್ಲಾ ಮುಗ್ಗಲು ವಾಸನೆ. ನಿಮ್ಮ ಅಪ್ಪ ವಿನ್ಸೆಂಟ್ ಮೊದಲ ವಾರವೇ ಗೋದಲಿ ಕಟ್ಟಿದರು. ಸಿಮೆಂಟ್ ಚೀಲದ ಕಾಗದ ಮುದುರಿ ಬೆಟ್ಟ, ಹುಲ್ಲಿನ ಗುಡಿಸಲು, ಮಾತೆ ಮರಿಯ, ಜೋಸೆಫರು, ಹಸು, ಕತ್ತೆ. ನಡುವಿನ ತೊಟ್ಟಿಲು ಮಾತ್ರ ಖಾಲಿ. ಬಾಲಯೇಸುವನ್ನು ಕ್ರಿಸ್ಮಸ್ಸಿನ ಹಿಂದಿನ ರಾತ್ರಿಯವರೆಗೆ ಇಡುವುದಿಲ್ಲ. ಆ ಬೊಂಬೆಯನ್ನು ಬೀರುವಿನೊಳಗೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೇವೆ.

ಮಹಡಿಯಲ್ಲಿ ಬಾಡಿಗೆಗಿದ್ದ ಶಿವಲೀಲಾ ಬಾಗಲಕೋಟೆ ಕಡೆಯ ಹುಡುಗಿ, ಮಾಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಆಕೆ ಗೋದಲಿ ನೋಡಲು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಜ್ಜಿ, ಕೂಸ ಎಲ್ಲೈತ್ರೀ? ಅವ್ವ ಕುಂತಾಳ, ಅಪ್ಪ ನಿಂತಾನ, ಆಕಳ ಸುದ್ದಾ ಬಂದು ಕುಂತೈತಿ. ಬರೇ ತೊಟ್ಲ ನೋಡ್ಕೋತ ಕುಂತಾರಲ್ರೀ."

"ಇನ್ನೂ ಹುಟ್ಟಿಲ್ಲ ಕಣಮ್ಮ," ಅಂದೆ.

"ಹಂಗಾದ್ರ ನಮ್ಮ ಸೆಲೀನಕ್ಕನಂಗ ಅನ್ರೀ. ಆಕೀದು ಫೆಬ್ರವರಿ, ಇವ್ರದು ಡಿಸೆಂಬರ್. ಇವ್ರೇ ಫಸ್ಟ್."

ಸೆಲೀನಾ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿರುವುದು ಅದೇ ಕೊನೆ.

ಎರಡನೆಯ ವಾರ ನೋವು ಬಂತು. ಬರಬಾರದ ಕಾಲಕ್ಕೆ ಬಂದ ನೋವು. ಜಯನಗರದ ಆಸ್ಪತ್ರೆಗೆ ಸೇರಿಸಿದೆವು. ಸಂಜೆಯೊಳಗೆ ಹೆರಿಗೆಯಾಯಿತು. ಗಂಡು. ವಿನ್ಸೆಂಟ್ ಹೊರಗೆ ಬಂದು, "ಉಸಿರಾಡ್ತಿದೆ ಅಮ್ಮ, ಆದ್ರೆ ತುಂಬಾ ಚಿಕ್ಕದು," ಅಂದರು. ಆ ಮಾತು ಹೇಳುವಾಗ ಅವರ ಎರಡೂ ಅಂಗೈ ಕೂಡಿಕೊಂಡು ನಡುವೆ ಏನೋ ಇರುವ ಹಾಗೆ ನಿಂತಿದ್ದವು.

ಮರುದಿನ ನನಗೆ ಒಳಗೆ ಹೋಗಲು ಬಿಟ್ಟರು. ಚಪ್ಪಲಿ ಬಿಟ್ಟು, ಹಸಿರು ಅಂಗಿ ತೊಟ್ಟು, ಮೊಣಕೈವರೆಗೆ ಆ ವಾಸನೆಯ ದ್ರವ ಹಚ್ಚಿಕೊಂಡು ನಿಂತೆ. ಗಾಜಿನ ಪೆಟ್ಟಿಗೆಯೊಳಗೆ ನಿಮ್ಮ ಅಣ್ಣ. ಚರ್ಮದೊಳಗಿನ ನರಗಳೆಲ್ಲಾ ಕಾಣುತ್ತಿದ್ದವು. ಮೂಗಿಗೊಂದು ನಳಿಗೆ, ಬಾಯಿಗೊಂದು ನಳಿಗೆ. ಕೈಗೆ ಕಟ್ಟಿದ ಪಟ್ಟಿಯಲ್ಲಿ 'ಸೆಲೀನಾಳ ಮಗು' ಎಂದಷ್ಟೇ. ಹೆಸರಿರಲಿಲ್ಲ. ಬಸುರಿಯಿದ್ದಾಗ ಹೆಸರು ಆರಿಸಬಾರದೆಂದು ನಾವು ಆರಿಸಿರಲಿಲ್ಲ.

ಆ ವಾರ್ಡಿನಲ್ಲಿ ಜಿನ್ಸಿ ಎಂಬ ನರ್ಸ್ ಇದ್ದಳು. ಕೇರಳದವಳು, ನಮ್ಮ ಜಾತಿಯವಳೇ, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ಅವಳ ಕನ್ನಡ ಮುರುಕು. ನಾನು ಅವಳನ್ನು ಕೇಳಿದೆ, ಉಳಿಯುತ್ತದಾ ಎಂದು. ಅವಳು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಅಮ್ಮಾ, ನೀವು ಇವತ್ತು ಮಾತ್ರ ಕೇಳಿ. ಇವತ್ತು ಬೇಬಿ ಇದೆ. ನಾಳೆದು ನಾಳೆ ಕೇಳಿ," ಅಂದಳು.

ನಮ್ಮ ದಿನಗಳು ಹಾಗೆಯೇ ಆದವು. ಸೆಲೀನಾಳನ್ನು ಮನೆಗೆ ಕಳಿಸಿದರು, ಮಗುವನ್ನು ಇಟ್ಟುಕೊಂಡರು. ಬೆಳಗ್ಗೆ ಅವಳು ಹಾಲು ಹಿಂಡಿ ಪುಟ್ಟ ಬಾಟಲಿಗೆ ತುಂಬುತ್ತಿದ್ದಳು. ನಾನು ಅದನ್ನು ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡು ಆಟೋದಲ್ಲಿ ಕೂರುತ್ತಿದ್ದೆ. ಆಟೋ ಗುಂಡಿಯಲ್ಲಿ ಇಳಿದಾಗಲೆಲ್ಲ ಸೆಲೀನಾ ಹೊಲಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಅಲ್ಲಿ ಆ ಹಾಲಿನಲ್ಲಿ ಒಂದೊಂದೇ ಹನಿ ನಳಿಗೆಯಲ್ಲಿ ಹೋಗುತ್ತಿತ್ತು. ಒಂದೊಂದು ದಿನ ಅದೂ ಹೋಗುತ್ತಿರಲಿಲ್ಲ, ಹೊಟ್ಟೆ ಉಬ್ಬಿದೆ ಎಂದು ನಿಲ್ಲಿಸುತ್ತಿದ್ದರು. ತಂದ ಹಾಲನ್ನು ನಾನು ಮನೆಗೆ ಹಿಂತಿರುಗಿ ತಂದು ತುಳಸಿ ಗಿಡದ ಬುಡಕ್ಕೆ ಸುರಿಯುತ್ತಿದ್ದೆ. ಗಿಡ ಶಿವಲೀಲಾಳದು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಅವ್ವನಿಗೆ ಒಂದು ಹೆಣ್ಣು ಮಗು ಹುಟ್ಟಿ ಬೆಳಗಾಗುವುದರೊಳಗೆ ಹೋಯಿತು. ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನ ಆಗಿರಲಿಲ್ಲ. ಆಗಿನ ಕಾಲದಲ್ಲಿ ಅಂಥ ಮಕ್ಕಳನ್ನು ಸಮಾಧಿ ತೋಟದೊಳಗೆ ಹೂಳುತ್ತಿರಲಿಲ್ಲ. ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ ಬೇಲಿಯಾಚೆ, ಕತ್ತಾಳೆಯ ಪಕ್ಕ ಮಣ್ಣು ಮಾಡಿದರು. ಗುರುತಿಗೆ ಒಂದು ಕಲ್ಲು ಕೂಡ ಇಡಲಿಲ್ಲ. ಅವ್ವ ಮುದುಕಿಯಾಗುವವರೆಗೂ ಆ ದಾರಿಯಲ್ಲಿ ಹೋಗುವಾಗ ಸೆರಗು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಆ ವರ್ಷವೇ ನಮ್ಮ ಊರಿನ ಚರ್ಚಿನಲ್ಲಿ ಧರ್ಮಪಾಠ ಹೇಳುತ್ತಿದ್ದ ಉಪದೇಶಿ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಕಲಿಸಿದರು. ಸಾಯುವ ಮಗುವಿಗೆ ಚರ್ಚಿನ ಸ್ವಾಮಿಗಳು ಬರುವವರೆಗೆ ಕಾಯಬೇಡಿ, ಯಾರು ಬೇಕಾದರೂ ನೀರು ಹಾಕಬಹುದು, ತಲೆಯ ಮೇಲೆ ನೀರು ಬೀಳಬೇಕು, ಮಾತು ಬಾಯಿಂದ ಬರಬೇಕು, ಮಗುವಿನಲ್ಲಿ ಜೀವ ಇರಬೇಕು. ನನ್ನ ಸರದಿ ಬಂದಾಗ ನನ್ನ ಬಾಯಿಂದ ಮಾತು ಬರಲಿಲ್ಲ, ಅಳು ಬಂತು. ಮನಸ್ಸಿನಲ್ಲಿ ಮಾತ್ರ ಒಂದಕ್ಷರವೂ ಮರೆಯದ ಹಾಗೆ ಉಳಿಯಿತು.

ಆದರೆ ನಮ್ಮವರಲ್ಲಿ ಇನ್ನೊಂದು ಹೆದರಿಕೆಯೂ ಇದೆ. ಕಾಯಿಲೆಯವರ ಮನೆಗೆ ಫಾದರ್ ಬಂದರೆ ಮುಗಿಯಿತು ಎಂದರ್ಥ. ಕೈಗೂಸಿಗೆ ಆಸ್ಪತ್ರೆಯಲ್ಲಿ ನೀರು ಹಾಕಿಸಿದರೆ ನಾವೇ ಕಳಿಸಿಕೊಟ್ಟ ಹಾಗೆ. ಹಾಗಾಗಿ ಮೂವರೂ ಆ ಮಾತು ಎತ್ತದೆ ಓಡಾಡುತ್ತಿದ್ದೆವು.

ಒಂದು ಸಂಜೆ ನಾನು ಆಸ್ಪತ್ರೆಯಿಂದ ಬಂದು ಬಾಗಿಲು ತೆರೆದರೆ ಗೋದಲಿಯ ತೊಟ್ಟಿಲಲ್ಲಿ ಒಂದು ಪ್ಲಾಸ್ಟಿಕ್ ಮಗು ಮಲಗಿತ್ತು. ಗುಲಾಬಿ ಬಣ್ಣದ್ದು, ಹಸುವಿಗಿಂತ ದೊಡ್ಡದು, ಕಣ್ಣು ಮುಚ್ಚಿ ತೆರೆಯುವಂಥದ್ದು. ಶಿವಲೀಲಾಳ ಹತ್ತಿರ ನಮ್ಮ ಮನೆಯ ಇನ್ನೊಂದು ಕೀಲಿಯಿತ್ತು. ಅವಳು ಮೆಟ್ಟಿಲ ಮೇಲಿಂದಲೇ ಹೇಳಿದಳು.

"ನಾನಾ ಇಟ್ಟೇನ್ರೀ ಅಜ್ಜಿ. ಸೆಲೀನಕ್ಕನ ಕೂಸ ಬಂತಲ್ರೀ. ಇನ್ನ ಖಾಲಿ ತೊಟ್ಲ ಇಡಬಾರ್ದು. ಸಿಟಿ ಮಾರ್ಕೆಟ್ನಾಗ ಇದ್ದದ್ರಾಗ ಚಂದಂದ ತಂದೀನಿ. ತಪ್ಪಾತೇನ್ರೀ?"

"ಇನ್ನೂ ದಿನ ಆಗಿಲ್ಲಮ್ಮ," ಎನ್ನಲು ಹೋದವಳು ನಿಲ್ಲಿಸಿದೆ. ಯಾವ ದಿನ? ನಮ್ಮ ಮಗು ದಿನಕ್ಕೆ ಮುಂಚೆಯೇ ಬಂದಾಗಿತ್ತು. ನಾವು ಇನ್ನೂ ಒಳ್ಳೆಯ ದಿನ ಬರಲಿ ಎಂದು ಕಾಯುತ್ತಾ, ಬಂದ ಮಗುವನ್ನು ಹೆಸರಿಲ್ಲದೆ ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. "ತಪ್ಪಿಲ್ಲ, ಇರಲಿ," ಅಂದೆ. ಆ ರಾತ್ರಿ ಊಟಕ್ಕೆ ಬಡಿಸುವಾಗ ಬಾಯಿಬಿಟ್ಟೆ.

"ಸೆಲೀನಾ, ಫಾದರನ್ನ ಒಂದ್ಸಲ ಕರೆಸೋಣ್ವಾ?"

ಅವಳು ತಟ್ಟೆಯಿಂದ ಕೈ ತೆಗೆದಳು. "ಯಾಕಮ್ಮ?"

"ಮಗೂಗೆ ನೀರು..."

"ಸಾಯುತ್ತೆ ಅಂತ ನೀನು ತೀರ್ಮಾನ ಮಾಡ್ಬಿಟ್ಟಿದೀಯ. ಅಷ್ಟೇ ಅಲ್ವಾ? ನನ್ನ ಮಗೂಗೆ ಜ್ಞಾನಸ್ನಾನ ಚರ್ಚಲ್ಲಿ ಆಗುತ್ತೆ. ಬಿಳಿ ಅಂಗಿ ಹಾಕಿ, ನೀನು ಎತ್ಕೊಂಡು ನಿಂತ್ಕೊಳ್ತೀಯ. ಅದಕ್ಕೆ ಮುಂಚೆ ಯಾರೂ ಒಂದು ಹನಿ ಮುಟ್ಟಿಸ್ಬಾರ್ದು. ನೀನೂನೂ."

ನಾನು ವಿನ್ಸೆಂಟರ ಮುಖ ನೋಡಿದೆ. ಅವರು, "ಬಿಡಿ ಅಮ್ಮ, ಅವಳ ಮನಸ್ಸು ನೋಯ್ಸೋದು ಬೇಡ," ಅಂದರು. ನಾನು ಬಿಟ್ಟೆ. ಬಿಡುವುದು ನನಗೆ ಮೊದಲಿನಿಂದ ಅಭ್ಯಾಸ.

ಮನಸ್ಸು ತಡೆಯದೆ ಆ ವಾರದ ನಡುವೆ ಬೆಳಗಿನ ಪೂಜೆಗೆ ಹೋದೆ. ಅಂದು ಜೋಸೆಫರ ಕನಸಿನ ವಾಚನವಿತ್ತು. ಚಿಕ್ಕ ವಯಸ್ಸಿನ ಫಾದರ್ ಪ್ರಸಂಗದಲ್ಲಿ ಹೇಳಿದರು: ದೂತ ಜೋಸೆಫರಿಗೆ ಎಲ್ಲವನ್ನೂ ಒಟ್ಟಿಗೆ ಹೇಳಲಿಲ್ಲ, ಮರಿಯಳನ್ನು ಮನೆಗೆ ಕರೆದುಕೋ ಎಂದು ಒಂದು ಸಲ, ಎದ್ದು ಈಜಿಪ್ಟಿಗೆ ಹೋಗು ಎಂದು ಇನ್ನೊಂದು ಸಲ, ವಾಪಸ್ಸು ಹೋಗು ಎಂದು ಮತ್ತೊಂದು ಸಲ. ದೇವರ ಯೋಜನೆ ನಮಗೆ ಕಾಣುವುದು ಒಂದು ಹೆಜ್ಜೆಯಷ್ಟೇ, ಅದನ್ನಿಟ್ಟರೆ ಸಾಕು, ಮುಂದಿನದು ಆಮೇಲೆ ಕಾಣುತ್ತದೆ.

ಒಳ್ಳೆಯ ಮಾತು. ನನ್ನ ಎದೆಗೆ ಮಾತ್ರ ಇಳಿಯಲಿಲ್ಲ. ಜೋಸೆಫರಿಗೆ ಕನಸಾದರೂ ಬಿತ್ತು. ನನಗೆ ನಿದ್ದೆಯೇ ಇರಲಿಲ್ಲ. ಮಗುವನ್ನು ಎತ್ತಿಕೊಂಡು ಓಡು ಎಂದರೆ ನಾನೂ ಎಷ್ಟು ದೂರ ಬೇಕಾದರೂ ಓಡುತ್ತಿದ್ದೆ. ಎತ್ತಿಕೊಳ್ಳಲು ಬರದ ಮಗು ಅದು. ನಳಿಗೆ ಕಿತ್ತರೆ ಉಸಿರಿಲ್ಲ.

ಜನ ಹೋಗುವವರೆಗೆ ಕಂಬದ ಮರೆಯಲ್ಲಿ ನಿಂತಿದ್ದು ಫಾದರ್ ಹತ್ತಿರ ಹೋದೆ. ವಿಷಯ ಹೇಳುವಷ್ಟರಲ್ಲಿ ಬೆವೆತಿದ್ದೆ. ಬೇಲಿಯಾಚೆ ಹೂಳುವ ವಿಷಯವನ್ನೂ ಕೇಳಿದೆ.

"ಈಗ ಆ ಥರ ಇಲ್ಲಮ್ಮ," ಅಂದರು. "ನೀರು ಬೀಳ್ಲಿ, ಬೀಳ್ದೇ ಇರ್ಲಿ, ದೇವರು ಆ ಮಗೂನ ಬಿಡಲ್ಲ. ಆದ್ರೂ ಯಾವಾಗ ಕರೆದ್ರೂ ಬರ್ತೀನಿ. ಮಗಳ ಜೊತೆ ಜಗಳ ಮಾಡ್ಬೇಡಿ. ಒಂದೊಂದೇ ಹೆಜ್ಜೆ ಅಮ್ಮ."

ತಲೆಯಾಡಿಸಿ ಬಂದೆ. ದೇವರು ಬಿಡುವುದಿಲ್ಲ ಎಂದು ಆ ಚಿಕ್ಕ ವಯಸ್ಸಿನ ಫಾದರಿಗೆ ಓದಿ ಗೊತ್ತು. ನನಗೆ ಬೇಲಿ ನೋಡಿ ಗೊತ್ತು. ಎರಡರಲ್ಲಿ ಯಾವುದನ್ನು ನಂಬುವುದೆಂದು ಬಸ್ಸಿನಲ್ಲಿ ಯೋಚಿಸುತ್ತಾ ಕೂತು ನನ್ನ ಸ್ಟಾಪು ದಾಟಿ ಸಿಲ್ಕ್ ಬೋರ್ಡಿನವರೆಗೆ ಹೋಗಿಬಿಟ್ಟೆ.

ನಾಲ್ಕನೆಯ ಭಾನುವಾರ. ಬೆಳಗ್ಗೆ ಹಾಲು ತೆಗೆದುಕೊಂಡು ಹೋದರೆ ಜಿನ್ಸಿ ಬಾಗಿಲಲ್ಲೇ ಕಾಯುತ್ತಿದ್ದಳು. ಡಬ್ಬಿ ಇಸಿದುಕೊಳ್ಳಲಿಲ್ಲ. ಡಾಕ್ಟರು ಸೆಲೀನಾ ಮತ್ತು ವಿನ್ಸೆಂಟರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಸೋಂಕು ರಕ್ತಕ್ಕೆ ಸೇರಿದೆ, ಕೈಲಾದದ್ದೆಲ್ಲ ಮಾಡಿದ್ದೇವೆ, ಹತ್ತಿರ ಇರಿ. ವಿನ್ಸೆಂಟ್ ಫಾದರಿಗೆ ಫೋನು ಮಾಡಲು ಹೊರಗೆ ಓಡಿದರು. ಸೆಲೀನಾ ಅವರನ್ನು ತಡೆಯಲಿಲ್ಲ.

ಪೂಜೆ ಮುಗಿಸಿ ಹೊರಟಿದ್ದೇನೆ ಎಂದು ಫಾದರ್ ಹೇಳಿದರಂತೆ. ಹಬ್ಬದ ಹಿಂದಿನ ಭಾನುವಾರ, ಜಯನಗರ ಫೋರ್ತ್ ಬ್ಲಾಕಿನ ಸುತ್ತ ಕಾಲಿಡಲು ಜಾಗವಿಲ್ಲದ ಜನ. ಕಿಟಕಿಯಿಂದ ಕಾಣುತ್ತಿತ್ತು, ಬಸ್ಸು ಕಾರು ಒಂದೂ ಅಲ್ಲಾಡದೆ ನಿಂತಿದ್ದು. ವಿನ್ಸೆಂಟ್ ಕೆಳಗೆ ರಸ್ತೆಯಲ್ಲಿ ನಿಂತು ದಾರಿ ನೋಡುತ್ತಿದ್ದರು.

ಒಳಗೆ ಮಗುವಿನ ಹತ್ತಿರ ನಾನು, ಸೆಲೀನಾ ಇಬ್ಬರೇ. ಪೆಟ್ಟಿಗೆಯ ಬದಿ ತೆರೆದಿದ್ದರು. ಮಗುವಿನ ಬಣ್ಣ ಬೂದಿಯ ಹಾಗಾಗಿತ್ತು. ಜಿನ್ಸಿ ಒಂದು ಸೂಜಿಯಿಲ್ಲದ ಸಿರಿಂಜಿನಲ್ಲಿ ಶುದ್ಧ ನೀರು ತುಂಬಿಕೊಂಡು ಬಂದು ಸೆಲೀನಾಳ ಮುಂದೆ ಹಿಡಿದಳು.

"ಚೇಚಿ, ಫಾದರ್ ಲೇಟ್ ಆಗುತ್ತೆ. ನಾನು ಹಾಕ್ಬಹುದು, ನೀವು ಹಾಕ್ಬಹುದು. ಬೇಗ ಹೇಳಿ."

ಸೆಲೀನಾ ಸಿರಿಂಜು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದಳು. "ಅಮ್ಮಾ, ನಿಂಗೆ ಬರುತ್ತಲ್ವಾ," ಅಂದಳು. "ನೀನೇ ಹೇಳು."

ಜಿನ್ಸಿ ಮಗುವಿನ ಟೋಪಿ ಹಿಂದಕ್ಕೆ ಸರಿಸಿದಳು. ನಾನು ಸಿರಿಂಜು ಹಿಡಿದೆ. ಉಪದೇಶಿಯ ಮುಂದೆ ನಿಂತ ಹಾಗೆಯೇ ನಿಂತೆ. ಬಾಯಿ ತೆರೆದರೆ ಮೊದಲು ಬೇಕಾದದ್ದು ಹೆಸರು, ಅದೇ ಇಲ್ಲ.

"ಹೆಸರು?" ಅಂದೆ.

ಮೊಬೈಲಿನಲ್ಲಿ ಅವಳು ಎಷ್ಟೋ ಹೆಸರು ನೋಡಿದ್ದಳು, ಇವಾನ್, ರಯಾನ್ ಎಂದು. ಈಗ ಅವಳ ಬಾಯಿಂದ ಬಂದದ್ದು ನಿಮ್ಮ ತಾತನ ಹೆಸರು.

"ಚೌರಪ್ಪ."

ಆ ಹೆಸರನ್ನು ನಾನು ಅದಕ್ಕೆ ಮುಂಚೆ ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮ ಕಾಲದಲ್ಲಿ ಇರಲಿಲ್ಲ. "ಚೌರಪ್ಪ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ." ಮಾತು ಹೊರಗೆ ಬಂತು, ಪಕ್ಕದ ಪೆಟ್ಟಿಗೆಯ ತಾಯಿ ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು. ಮೂರು ಸಲ ನೀರು ಬಿಟ್ಟೆ. ಹಣೆಯಿಂದ ಕಿವಿಯ ಕಡೆಗೆ ಹರಿಯಿತು. ನನ್ನ ಕಣ್ಣು ನೀರಿನ ಮೇಲೆಯೇ ಇತ್ತು, ಕಣ್ಣಿಗೆ ಹೋಗದಿರಲಿ, ನಳಿಗೆಗೆ ತಾಕದಿರಲಿ ಎಂದು.

ನಾನು ತಲೆ ಎತ್ತಿದಾಗ ಜಿನ್ಸಿ ಎದೆಬಡಿತ ತೋರಿಸುವ ಯಂತ್ರದ ಗುಂಡಿಯ ಮೇಲೆ ಕೈಯಿಟ್ಟಿದ್ದಳು. ಅದರ ಸದ್ದು ನಿಂತಿತ್ತು. ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ.

ನಳಿಗೆಗಳನ್ನೆಲ್ಲ ತೆಗೆದು ಅವನನ್ನು ಸೆಲೀನಾಳ ತೋಳಿಗೆ ಕೊಟ್ಟರು. ಅವಳು ಅವನನ್ನು ಎತ್ತಿಕೊಂಡದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಫಾದರ್ ಹೆಲ್ಮೆಟ್ಟು ಕೈಯಲ್ಲಿ ಹಿಡಿದು, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಬಂದರು. ಗಾಡಿಯನ್ನು ಎಲ್ಲೋ ಬಿಟ್ಟು ಓಡಿ ಬಂದಿದ್ದರು. ಪ್ರಾರ್ಥನೆ ಹೇಳಿದರು. ಆಮೇಲೆ ಹೊರಗಿನ ಮೊಗಸಾಲೆಯಲ್ಲಿ ತಗ್ಗಿದ ದನಿಯಲ್ಲಿ ಕೇಳಿದರು, "ನೀರು ಹಾಕ್ದಾಗ ಜೀವ ಇತ್ತಾ?" ಚರ್ಚಿನಲ್ಲಿ ಬರೆದುಕೊಳ್ಳಲು ಅವರು ಕೇಳಲೇಬೇಕಿತ್ತು.

ನಾನು ಜಿನ್ಸಿಯನ್ನು ನೋಡಿದೆ. ಜಿನ್ಸಿ ನೆಲ ನೋಡಿದಳು.

"ಇತ್ತು ಫಾದರ್," ಅಂದಳು ಸೆಲೀನಾ. "ಮೊದಲ್ನೇ ನೀರು ಬಿದ್ದಾಗ ಕಾಲು ಆಡಿಸ್ದ. ನಾನು ನೋಡ್ದೆ."

ಮರುದಿನ ಅವನನ್ನು ಮಣ್ಣು ಮಾಡಿದೆವು. ಜ್ಞಾನಸ್ನಾನಕ್ಕೆಂದು ತಂದಿಟ್ಟಿದ್ದ ಬಿಳಿ ಅಂಗಿ ಅವನಿಗೆ ತುಂಬ ದೊಡ್ಡದಾಗಿತ್ತು, ಮಡಿಸಿ ಮಡಿಸಿ ಸುತ್ತಿದೆ. ಆ ವರ್ಷ ಕ್ರಿಸ್ಮಸ್ ಪೂಜೆಗೆ ನಾವು ಹೋಗಲಿಲ್ಲ. ಬೀದಿಯಲ್ಲೆಲ್ಲ ನಕ್ಷತ್ರ ತೂಗುಹಾಕಿದ್ದರು. ಶಿವಲೀಲಾ ಜೋಳದ ರೊಟ್ಟಿ ತಂದು ಅಡುಗೆಮನೆಯಲ್ಲಿಟ್ಟು ಹೋದಳು. ಸೆಲೀನಾಳಿಗೆ ಎದೆಹಾಲು ನಿಲ್ಲಲು ಇನ್ನೂ ಬಹಳ ದಿನ ಹಿಡಿಯಿತು. ಅವಳು ಬಚ್ಚಲಿನಲ್ಲಿ ಹಿಂಡಿ ಚೆಲ್ಲುವ ಸದ್ದು ಕೇಳಿಸುತ್ತಿತ್ತು. ನಾನು ಹೊರಗೆ ಟವೆಲ್ಲು ಹಿಡಿದು ನಿಂತಿರುತ್ತಿದ್ದೆ.

ಮುಂದಿನ ಹೆಜ್ಜೆ ಆಮೇಲೆ ಕಾಣುತ್ತದೆ ಎಂದು ಫಾದರ್ ಹೇಳಿದ್ದರಲ್ಲ. ನೀವಿಬ್ಬರೂ ಹುಟ್ಟಿದಿರಿ, ಅದಕ್ಕೆ ನಾನು ದಿನವೂ ದೇವರಿಗೆ ಕೈಮುಗಿಯುತ್ತೇನೆ. ಆದರೆ ಅವನು ಹೋದದ್ದು ನೀವು ಬರಲಿ ಎಂದೇ ಎಂದು ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ಆ ಆಗಮನ ಕಾಲ ಯಾವ ಯೋಜನೆಯ ಯಾವ ಭಾಗವೋ ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ಹೆಜ್ಜೆ ಇಟ್ಟೆ. ಅದರ ಕೆಳಗೆ ನೆಲವಿತ್ತೋ ಇಲ್ಲವೋ ನಾನು ಕಣ್ಣಾರೆ ಕಂಡಿಲ್ಲ.

ಕಾಲು ಆಡಿದ್ದನ್ನು ನಾನು ನೋಡಲಿಲ್ಲ. ನೀರು ಹಾಕುವುದೇ ಬೇಡ ಎಂದಿದ್ದ ನಿಮ್ಮ ಅಮ್ಮ ನೋಡಿದಳು. ಅವಳು ನೋಡಿದಳೆಂಬ ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಚರ್ಚಿಗೆ ಹೋಗಿ ಬರುತ್ತಿದ್ದೇನೆ. ಅಡುಗೆಮನೆಯಲ್ಲಿ ನಾವಿಬ್ಬರೇ ಇರುವಾಗ ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ನಿಜವಾಗಿ ಆಡಿಸಿದನಾ ಸೆಲೀನಾ ಎಂದು ಇವತ್ತಿನವರೆಗೆ ನಾನು ಅವಳನ್ನು ಕೇಳಿಲ್ಲ.